ಪೂರ್ವಕವಿಸ್ಮರಣೆ: ಕನ್ನಡ ಕವಿಗಳು ತಮ್ಮವರನ್ನು ನೆನೆದ ಬಗೆ

ಪ್ರಾಚೀನ ಕನ್ನಡ ಕಾವ್ಯಗಳ ಪೀಠಿಕಾಪದ್ಯಗಳಲ್ಲಿ ಇಷ್ಟದೇವತಾಸ್ತುತಿಯಾದ ಮೇಲೆ ಕವಿಯು ತನಗಿಂತ ಹಿಂದಿನ ಕವಿಗಳನ್ನು ನೆನೆದು, ಒಳ್ಳೆಯ ಕವಿಗಳನ್ನು ಹೊಗಳಿ, ಕುಕವಿಗಳನ್ನು ತೆಗಳಿ, ಬಳಿಕ ಕಥೆಗೆ ಕೈಯಿಡುವುದು ವಾಡಿಕೆ. ಕಾಲೇಜಿನ ತರಗತಿಗಳಲ್ಲಿ ಈ ಪದ್ಯಗಳನ್ನು ಸಾಮಾನ್ಯವಾಗಿ ಬಿಟ್ಟು ಮುಂದಕ್ಕೆ ಹೋಗುವುದುಂಟು. ಪಠ್ಯಭಾಗವು ಹೆಚ್ಚಾಗಿ ಕಥೆಯ ನಡುವಣಿಂದ ಆಯ್ದದ್ದಾದ್ದರಿಂದ ವಿದ್ಯಾರ್ಥಿಗೆ ಇವುಗಳ ಮುಖಪರಿಚಯವೇ ಆಗದೆ ಹೋಗುವ ಸಂಭವವೂ ಇದೆ. ಇವು ಕೇವಲ ಸಂಪ್ರದಾಯಪಾಲನೆಯ ಪದ್ಯಗಳೆಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಕನ್ನಡ ಸಾಹಿತ್ಯದ ಮೊದಲ ಶತಮಾನಗಳ ಚರಿತ್ರೆಗೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ನಮಗೆ ದೊರೆತಿರುವುದು ಈ ಪದ್ಯಗಳಿಂದಲೇ. ಇವು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಸಾಕ್ಷಿಯಲ್ಲ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪದ್ಧತಿ ಕನ್ನಡದಲ್ಲೇ ಹುಟ್ಟಿದ್ದಲ್ಲ. ಬಾಣನು ಹರ್ಷಚರಿತದ ಆರಂಭದಲ್ಲಿ ಭಾಸ, ಕಾಳಿದಾಸ, ಪ್ರವರಸೇನ, ಭಟ್ಟಾರ ಹರಿಚಂದ್ರ ಮೊದಲಾದವರನ್ನು ನೆನೆದಿರುವುದು ಪ್ರಸಿದ್ಧವಾಗಿದೆ. ಜೈನಪುರಾಣಗಳಲ್ಲಿ ಇದು ಇನ್ನೂ ವಿಸ್ತಾರವಾಗಿ ಬೆಳೆಯಿತು. ರಾಷ್ಟ್ರಕೂಟ ಅಮೋಘವರ್ಷನ ಕಾಲದವನಾದ ಜಿನಸೇನನು ತನ್ನ ಸಂಸ್ಕೃತ ಆದಿಪುರಾಣದಲ್ಲಿ ಸಮಂತಭದ್ರ, ಸಿದ್ಧಸೇನ, ಜಟಾಚಾರ್ಯ, ಅಕಲಂಕ ಇವರೇ ಮೊದಲಾದ ಆಚಾರ್ಯಪರಂಪರೆಯನ್ನು ಸ್ತುತಿಸಿದ್ದಾನೆ. ಪಂಪಾದಿಗಳಿಗೆ ಮೇಲ್ಪಂಕ್ತಿಯಾದದ್ದು ಇದು.

ಇಂಥ ಸ್ತುತಿಯಿಂದ ಒಂದು ಗ್ರಂಥಕ್ಕೆ ಅದರ ಕರ್ತೃವೇ ಮರಳಿ ದೊರೆತ ಪ್ರಸಂಗವನ್ನು ಇಲ್ಲಿಯೇ ಹೇಳಬಹುದು. ವರಾಂಗಚರಿತವೆಂಬ ಸಂಸ್ಕೃತ ಕಾವ್ಯದ ಹಸ್ತಪ್ರತಿಗಳು ಡಾ. ಆ. ನೇ. ಉಪಾಧ್ಯೆಯವರಿಗೆ ದೊರೆತಾಗ ಅದರ ಕರ್ತೃ ಯಾರೆಂಬುದನ್ನು ಹೊರಗಿನ ಆಧಾರಗಳಿಂದ ಸಾಧಿಸಬೇಕಾಯಿತು. ಹಿಂದಿನ ಕವಿಗಳು ಜಟಾಚಾರ್ಯನನ್ನು ನೆನೆದಿದ್ದ ಮಾತುಗಳೂ, ಕ್ರಿ. ಶ. 978ರ ಚಾವುಂಡರಾಯಪುರಾಣದಲ್ಲಿ ಜಟಾಸಿಂಹನಂದ್ಯಾಚಾರ್ಯನ ಹೆಸರಿನಲ್ಲಿ ಉದ್ಧೃತವಾಗಿದ್ದ ಒಂದು ವೃತ್ತವೂ ಕೈಗೆ ಬಂದ ಕಾವ್ಯದೊಡನೆ ಹೊಂದಿದುವು. 1938ರಲ್ಲಿ ಗ್ರಂಥವು ಜಟಾಸಿಂಹನಂದಿಯ ಹೆಸರಿನಿಂದಲೇ ಅಚ್ಚಾಯಿತು. ಈ ಆಚಾರ್ಯನ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂಬ ಕನ್ನಡ ಶಾಸನ ಕೊಪ್ಪಳದ ಬೆಟ್ಟದ ಮೇಲಿದೆ. ಹೆಸರು ಒಂದು ಕಡೆ, ಕೃತಿ ಒಂದು ಕಡೆ, ಪಾದಚಿಹ್ನೆ ಇನ್ನೊಂದು ಕಡೆ ಇದ್ದು ಮೂರೂ ಕೂಡಿಬಂದುವು. ಕನ್ನಡದ ಆದಿಕವಿಗಳ ವಿಷಯದಲ್ಲಿ ನಮಗೆ ಇಂಥ ಭಾಗ್ಯ ಬಹುಮಟ್ಟಿಗೆ ಒದಗಿಲ್ಲ.

ಕನ್ನಡದಲ್ಲಿ ಈ ಬಗೆಯ ಮೊದಲ ಪಟ್ಟಿ ಕವಿರಾಜಮಾರ್ಗದ್ದು. ಒಂಬತ್ತನೆಯ ಶತಮಾನದ ಈ ಗ್ರಂಥವನ್ನು ಕೆ. ಬಿ. ಪಾಠಕರು 1898ರಲ್ಲಿ ಮೊದಲು ಪ್ರಕಟಿಸಿದರು. ಇದರಲ್ಲಿ ಗದ್ಯಕಾರರಾಗಿ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬವರೂ, ಪದ್ಯಕಾರರಾಗಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಎಂಬವರೂ ಹೆಸರಿಸಲ್ಪಟ್ಟಿದ್ದಾರೆ. ಈ ಒಂಬತ್ತು ಹೆಸರುಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಹೆಸರುಗಳು ನಿಜವಾಗಿ ಒಂಬತ್ತೇ ಎಂಬುದು ಕೂಡ ನಿಶ್ಚಿತವಲ್ಲ. ಕವೀಶ್ವರ ಎಂಬುದು ಒಬ್ಬನ ಅಂಕಿತನಾಮವೋ, ಪಕ್ಕದ ಹೆಸರಿಗೆ ಸಂದ ವಿಶೇಷಣವೋ ಎಂದು ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಪಂಡಿತ, ಚಂದ್ರ ಎಂಬಲ್ಲಿಯೂ ಸಂದೇಹಕ್ಕೆ ಎಡೆಯುಂಟು. ದುರ್ವಿನೀತನು ಗಂಗರಾಜನೆಂಬ ಅಭಿಪ್ರಾಯ ಬಹುಮಟ್ಟಿಗೆ ಅಂಗೀಕೃತವಾಗಿದೆ. ಆದರೂ ಅವನ ಕನ್ನಡ ಗದ್ಯದ ಒಂದು ಪಂಕ್ತಿಯೂ ಇಂದು ಉಳಿದಿಲ್ಲ. ಅಂದರೆ ಕವಿರಾಜಮಾರ್ಗಕಾರನು ತನ್ನ ಓದುಗರಿಗೆ 'ಇವರನ್ನು ನೋಡಿರಿ' ಎಂದು ಬೆರಳು ತೋರಿದ್ದಾನೆ. ನಮಗೆ ಬೆರಳು ಕಾಣುತ್ತದೆ, ತೋರಿದ ವಸ್ತು ಕಾಣುವುದಿಲ್ಲ.

ಮುಂದಿನ ಶತಮಾನದಲ್ಲಿ ಪಂಪನು ಬರುತ್ತಾನೆ. ಕ್ರಿ. ಶ. 941ರ ಆದಿಪುರಾಣದಲ್ಲಿ ಅವನು ಜೈನಾಚಾರ್ಯರನ್ನು ಭಕ್ತಿಯಿಂದ ಸ್ತುತಿಸುತ್ತಾನೆ. ವಿಕ್ರಮಾರ್ಜುನವಿಜಯದಲ್ಲಿ ವ್ಯಾಸರ ಮುಂದೆ ವಿನಯದಿಂದ ತಲೆಬಾಗುತ್ತಾನೆ. ಆದರೆ ಕನ್ನಡದ ಹಿಂದಿನ ಕವಿಗಳಲ್ಲಿ ಒಬ್ಬನನ್ನಾದರೂ ಹೆಸರೆತ್ತಿ ಹೊಗಳುವುದಿಲ್ಲ. ತನ್ನ ಎರಡು ಕೃತಿಗಳು ಮೊದಲಿದ್ದ ಕಬ್ಬಗಳನ್ನೆಲ್ಲ ಕೆಳಕ್ಕೆ ಹಾಕಿ ನಿಂತುವೆಂದೂ, ಭಾರತವನ್ನು ಸಮಗ್ರವಾಗಿ, ಕಥೆಯ ಮೈ ಕೆಡದಂತೆ ಹೇಳಿದ ಕವಿಗಳು ತನಗೆ ಮುಂಚೆ ಇಲ್ಲವೆಂದೂ ಹೇಳಿಕೊಳ್ಳುತ್ತಾನೆ. ಈ ಮೌನವನ್ನು ಕಂಡು ಪಂಪನಿಗೆ ಹಿಂದೆ ಕನ್ನಡದಲ್ಲಿ ಹೇಳಿಕೊಳ್ಳತಕ್ಕ ಕಾವ್ಯಗಳೇ ಇರಲಿಲ್ಲವೆಂದು ತರ್ಕಿಸುವುದು ಸರಿಯಾಗಲಾರದು. ಮೆಟ್ಟುವುದಕ್ಕಾದರೂ ಕೆಳಗೆ ಏನಾದರೂ ಇರಬೇಕಷ್ಟೆ! ಸಮಗ್ರವಾಗಿ ಹೇಳಿದವರಿಲ್ಲವೆಂಬ ಮಾತಿನಿಂದ, ಅಲ್ಲಲ್ಲಿಯ ಭಾಗಗಳನ್ನು ಹೇಳಿದವರು ಇದ್ದರೆಂದೇ ಊಹಿಸಬೇಕಾಗುತ್ತದೆ. ಗುಣವರ್ಮನ ಶೂದ್ರಕ, ಹರಿವಂಶಗಳು ಪಂಪನಿಗೆ ಹಿಂದಿನವೆಂದು ಚರಿತ್ರಕಾರರು ತಿಳಿದಿದ್ದಾರೆ. ಇವೆರಡೂ ಈಗ ದೊರೆಯುವುದಿಲ್ಲ.

ಪೊನ್ನನದು ಇನ್ನೊಂದು ರೀತಿ. ಕನ್ನಡ ಕವಿತೆಯಲ್ಲಿ ತಾನು ಅಸಗನಿಗೆ ನೂರ್ಮಡಿ, ಸಂಸ್ಕೃತದಲ್ಲಿ ಕಾಳಿದಾಸನಿಗೆ ನಾಲ್ಮಡಿ ಎಂಬ ಅರ್ಥದ ಅವನ ಮಾತು ಆತ್ಮಪ್ರಶಂಸೆಗೆ ಉದಾಹರಣೆಯಾಗಿ ಬಹಳ ಸಲ ಎತ್ತಲ್ಪಟ್ಟಿದೆ. ರಸಿಕರಿಗೆ ಇದು ಹಿತವಾಗದಿರಬಹುದು. ಆದರೆ ಚರಿತ್ರೆಯ ದೃಷ್ಟಿಗೆ ಇದಕ್ಕಿಂತ ಬೆಲೆಯುಳ್ಳ ಮಾತು ಆ ಕಾವ್ಯದಲ್ಲಿ ಹೆಚ್ಚಿಲ್ಲ. ಹತ್ತನೆಯ ಶತಮಾನದ ನಡುವಣ ಒಬ್ಬ ರಾಜಸಮ್ಮಾನಿತ ಕವಿಯು ತನ್ನ ಎತ್ತರವನ್ನು ಅಳೆದುಕೊಳ್ಳಲು ಸಂಸ್ಕೃತದಲ್ಲಿ ಕಾಳಿದಾಸನನ್ನು ಹಿಡಿದಂತೆ ಕನ್ನಡದಲ್ಲಿ ಹಿಡಿದ ಅಳತೆಗೋಲು ಅಸಗ. ಯಾರೂ ತಿಳಿಯದವನಿಗಿಂತ ತಾನು ಮಿಗಿಲೆಂದು ಯಾರೂ ಹೇಳಿಕೊಳ್ಳುವುದಿಲ್ಲ. ಅಸಗನು ಕ್ರಿ. ಶ. 853ರಲ್ಲಿ ರಚಿಸಿದ ವರ್ಧಮಾನಚರಿತವೆಂಬ ಸಂಸ್ಕೃತ ಕಾವ್ಯ ಉಳಿದಿದೆ. ಕನ್ನಡದಲ್ಲಿ ಅವನದೆಂದು ತಿಳಿಯಲಾಗಿರುವ ಕರ್ಣಾಟಕುಮಾರಸಂಭವದ ಹೆಸರನ್ನು ಜಯಕೀರ್ತಿಯು ತನ್ನ ಛಂದೋನುಶಾಸನದಲ್ಲಿ ಹೇಳಿದ್ದಾನೆ, ಕಾವ್ಯ ಉಳಿದಿಲ್ಲ.

ರನ್ನನು ತನ್ನ ಅಜಿತಪುರಾಣದಲ್ಲಿ, ಕ್ರಿ. ಶ. 993ರಲ್ಲಿ, ಪಂಪ, ಪೊನ್ನ, ಕವಿರತ್ನ ಈ ಮೂವರನ್ನು ರತ್ನತ್ರಯದಂತೆ ಪವಿತ್ರರು, ಜಿನಸಮಯವನ್ನು ಬೆಳಗಿದವರು ಎಂದು ಕರೆಯುತ್ತಾನೆ. ಕವಿರತ್ನನೆಂದರೆ ರನ್ನನೇ. ಸಾಹಿತ್ಯಚರಿತ್ರೆಗಳಲ್ಲಿ ಹತ್ತನೆಯ ಶತಮಾನದ ಅಧ್ಯಾಯಕ್ಕೆ ನಾವು 'ರತ್ನತ್ರಯರು' ಎಂಬ ತಲೆಬರಹ ಕೊಡುವ ವಾಡಿಕೆಯ ಮೂಲ ಇದು. ಸಾವಿರ ವರ್ಷಗಳಿಂದ ಪಾಠ ಹೇಳಿಸಿಕೊಳ್ಳುತ್ತ ಬಂದಿರುವ ಒಂದು ವರ್ಗೀಕರಣವನ್ನು ಮಾಡಿದವನು ಆ ವರ್ಗದಲ್ಲಿ ತಾನೇ ಮೂರನೆಯವನಾಗಿ ಕುಳಿತಿದ್ದಾನೆ ಎಂಬುದನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹೇಳಿದರೆ ತಪ್ಪಾಗಲಾರದು. ರನ್ನನ ಯೋಗ್ಯತೆಯಲ್ಲಿ ನಮಗೆ ಸಂದೇಹವಿಲ್ಲ. ಗದಾಯುದ್ಧವನ್ನು ಬರೆದವನಿಗೆ ಆ ಪೀಠ ಸಲ್ಲತಕ್ಕದ್ದೇ. ಆದರೆ ಅವನು ಹೇಳಿದ್ದು ಜಿನಧರ್ಮವನ್ನು ಬೆಳಗಿದ ಕವಿಗಳ ವಿಷಯ. ನಾವು ಅದನ್ನು ಒಂದು ಶತಮಾನದ ಇಡೀ ಸಾಹಿತ್ಯದ ವಿಷಯವಾಗಿ ತೆಗೆದುಕೊಂಡಿದ್ದೇವೆ. ಒಂದನೆಯ ನಾಗವರ್ಮನಂಥವರು ಆ ತಲೆಬರಹದ ನೆರಳಿನಲ್ಲಿ ನಿಲ್ಲಬೇಕಾಗಿ ಬಂದದ್ದು ಇದರಿಂದಲೇ.

ಮೆಚ್ಚುಗೆಯು ಮಾತಿನಲ್ಲಿ ಮುಗಿಯದೆ ಕಾರ್ಯವಾಗಿ ಪರಿಣಮಿಸಿದ ಪ್ರಸಂಗವೂ ಈ ಕಾಲಕ್ಕೇ ಸೇರಿದೆ. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು ಮಲ್ಲಪ, ಪುನ್ನಮಯ್ಯ ಎಂಬ ಸೋದರರು. ಮಲ್ಲಪನ ಮಗಳಾದ ಅತ್ತಿಮಬ್ಬೆ ಅದೇ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳೂ ಅವಳೇ. ಓಲೆಯ ಮೇಲೆ ಕಂಠದಿಂದ ಕೊರೆದು ಒಂದು ಚಂಪೂಕಾವ್ಯವನ್ನು ಪ್ರತಿಮಾಡಲು ಒಬ್ಬ ಲಿಪಿಕಾರನಿಗೆ ಎಷ್ಟು ದಿನಗಳ ಶ್ರಮವೆಂಬುದನ್ನು ನೆನೆದರೆ, ಸಾವಿರ ಪ್ರತಿಯೆಂಬುದರ ಭಾರ ತಿಳಿದೀತು. ಪೊನ್ನನ ಭುವನೈಕರಾಮಾಭ್ಯುದಯ ಅಳಿಯಿತು, ಶಾಂತಿಪುರಾಣ ಉಳಿಯಿತು. ಇವೆರಡಕ್ಕೂ ಕಾರಣಸಂಬಂಧವನ್ನು ನಿಶ್ಚಯವಾಗಿ ಹೇಳಲು ಬಾರದಿದ್ದರೂ ಒಂದಕ್ಕೆ ಅತ್ತಿಮಬ್ಬೆ ಇದ್ದಳು, ಇನ್ನೊಂದಕ್ಕೆ ಅಂಥವರಿದ್ದುದು ತಿಳಿಯದು ಎಂಬುದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಹನ್ನೊಂದನೆಯ ಶತಮಾನದಿಂದ ಪಟ್ಟಿಗಳು ಉದ್ದವಾಗುತ್ತವೆ. ಚಾಳುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಕ್ರಿ. ಶ. 1031ರ ಪಂಚತಂತ್ರದಲ್ಲಿ ವಾಲ್ಮೀಕಿ, ವ್ಯಾಸ, ಗುಣಾಢ್ಯರಿಂದ ತೊಡಗಿ ಸಂಸ್ಕೃತ ಕವಿಗಳನ್ನು ಸ್ಮರಿಸಿ, ಬಳಿಕ ಕನ್ನಡಕ್ಕೆ ಬಂದು ಶ್ರೀವಿಜಯ, ಕನ್ನಮಯ್ಯ, ಅಸಗ, ಮನಸಿಜ, ಚಂದ್ರಭಟ್ಟ, ಪೊನ್ನ, ಪಂಪ, ಗಜಾಂಕುಶ ಮೊದಲಾದವರನ್ನು ಹೆಸರಿಸುತ್ತಾನೆ. ದುರ್ಗಸಿಂಹನು ಬ್ರಾಹ್ಮಣ, ಅವನು ಕೊಂಡಾಡಿದವರಲ್ಲಿ ಪ್ರಮುಖರು ಜೈನರು. ಮತಭೇದವು ಕಾವ್ಯದ ಓದಿಗೆ ಅಡ್ಡಿಯಾಗಲಿಲ್ಲವೆಂಬುದಕ್ಕೆ ಇದು ಸ್ಪಷ್ಟವಾದ ದಾಖಲೆ. ಆ ಶತಮಾನಗಳ ಮತೀಯ ವಾಗ್ವಾದಗಳನ್ನೇ ದೊಡ್ಡದು ಮಾಡಿ ಬರೆಯುವವರು ಈ ಪದ್ಯಗಳನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವುದು ಲೇಸು.

ದುರ್ಗಸಿಂಹನ ಪಟ್ಟಿಯಲ್ಲಿ ಹೆಚ್ಚಾಗಿ ಹೆಸರುಗಳಿವೆ. ಕ್ರಿ. ಶ. 1112ರ ಧರ್ಮಾಮೃತದಲ್ಲಿ ನಯಸೇನನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಒಬ್ಬೊಬ್ಬ ಕವಿಗೆ ಒಂದೊಂದು ಗುಣವನ್ನು ಹಚ್ಚಿ ಹೇಳುತ್ತಾನೆ. ಅಸಗನಲ್ಲಿ ದೇಸಿ, ಪೊನ್ನನಲ್ಲಿ ಉನ್ನತವಾದ ಬೆಡಗು, ಪಂಪನಲ್ಲಿ ಅಪೂರ್ವವಾದ ರಸ, ಗಜಾಂಕುಶನಲ್ಲಿ ಅರ್ಥದ ತೂಕ, ಗುಣವರ್ಮನಲ್ಲಿ ಜಾಣು, ರನ್ನನಲ್ಲಿ ಓಜೆ ಎಂದು ಅವನ ಎಣಿಕೆ. ಇದು ಬರಿಯ ಹೊಗಳಿಕೆಯಲ್ಲ, ವಿಮರ್ಶೆ. ಪಂಪ, ಪೊನ್ನ, ರನ್ನರ ವಿಷಯದಲ್ಲಿ ನಯಸೇನನ ಮಾತನ್ನು ನಾವೇ ಪರೀಕ್ಷಿಸಿ ನೋಡಬಹುದು. ಪರೀಕ್ಷಿಸಿದರೆ ಮಾತು ಸಡಿಲವಾಗಿ ಆಡಿದ್ದಲ್ಲವೆಂದು ತೋರುತ್ತದೆ. ಆದ್ದರಿಂದ ಅಳಿದುಹೋದ ಅಸಗ, ಗಜಾಂಕುಶ, ಗುಣವರ್ಮರ ವಿಷಯದಲ್ಲಿಯೂ ಅವನ ಮಾತಿಗೆ ಅಷ್ಟೇ ಮನ್ನಣೆ ಕೊಡಬಹುದು. ಅದರಲ್ಲೂ ಅಸಗನ ದೇಸಿಯನ್ನು ಮೆಚ್ಚಿದವನು, ಕನ್ನಡದಲ್ಲಿ ಎಡೆಯರಿಯದೆ ಸಂಸ್ಕೃತವನ್ನು ತುರುಕುವುದು ತುಪ್ಪಕ್ಕೆ ಎಣ್ಣೆಯನ್ನು ಬೆರಸಿದಂತೆ ಎಂದು ಹಳಿದ ಅದೇ ನಯಸೇನ. ಸಂಸ್ಕೃತದಲ್ಲಿ ಮಹಾಕಾವ್ಯ ಬರೆಯಬಲ್ಲ ಅಸಗನು ಕನ್ನಡಕ್ಕೆ ಬಂದಾಗ ಕನ್ನಡವಾಗಿಯೇ ಬರೆದನೆಂಬುದು ಇದರಿಂದ ನಮಗೆ ದೊರೆಯುವ ಸಂಗತಿ. ಪೊನ್ನನ ಜಂಬದಿಂದ ಅಸಗನ ಕೀರ್ತಿ ತಿಳಿಯಿತು. ನಯಸೇನನ ಮೆಚ್ಚಿಕೆಯಿಂದ ಅವನ ಶೈಲಿ ತಿಳಿಯಿತು.

ಹದಿಮೂರನೆಯ ಶತಮಾನದ ಕೇಶಿರಾಜನಿಗೆ ಕವಿಗಳು ಬೇಕಾದದ್ದು ಬೇರೊಂದು ಕಾರಣಕ್ಕೆ. ಶಬ್ದಮಣಿದರ್ಪಣದ ಸೂತ್ರಗಳಿಗೆ ಯಾರ ಪ್ರಯೋಗವು ಲಕ್ಷ್ಯವೆಂಬುದನ್ನು ಒಂದು ಕಂದಪದ್ಯದಲ್ಲಿ ಹೇಳುತ್ತಾನೆ. ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ, ಸುಜನೋತ್ತಂಸ ಎಂದು ಹತ್ತು ಹೆಸರುಗಳು. ಗಜಗ, ಗಜಾಂಕುಶ ಎಂಬವು ಒಬ್ಬನ ಹೆಸರೆಂದೇ ಸಾಮಾನ್ಯವಾದ ಅಭಿಪ್ರಾಯ. ಕ್ರಿ. ಶ. 945ರ ಸಾಲೋಟಗಿ ಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನಿಗೆ ಗಜಾಂಕುಶನೆಂಬ ಹೆಸರಿರುವುದರಿಂದ ಕವಿಯೂ ಅವನೇ ಎಂದು ಊಹಿಸಿದವರುಂಟು. ಸುಜನೋತ್ತಂಸನೆಂದರೆ ಶ್ರವಣಬೆಳ್ಗೊಳದ ಶಾಸನದಲ್ಲಿ ಗೊಮ್ಮಟನನ್ನು ಸ್ತುತಿಸಿದ ಬೊಪ್ಪಣಪಂಡಿತ. ಕಲ್ಲಿನ ಮೇಲೆ ಬರೆದದ್ದರಿಂದ ಅವನ ಮಾತು ಉಳಿದುಬಂದಿತು. ಗಜಗ, ಗುಣನಂದಿ, ಮನಸಿಜ, ಚಂದ್ರಭಟ್ಟರ ಕಾವ್ಯಗಳೂ ಅಸಗನ ಕನ್ನಡ ಕಾವ್ಯವೂ ಒಂದೂ ದೊರೆತಿಲ್ಲ.

ಈ ಪಟ್ಟಿಯಲ್ಲಿ ರನ್ನನಿಲ್ಲ, ನಾಗಚಂದ್ರನಿಲ್ಲ, ಕೇಶಿರಾಜನ ಸೋದರಮಾವನೇ ಆದ ಜನ್ನನೂ ಇಲ್ಲ. ಇದನ್ನು ಆಧರಿಸಿ ಕೇಶಿರಾಜನಿಗೆ ಇವರ ಭಾಷೆ ಪ್ರಮಾಣವಾಗಿ ತೋರಲಿಲ್ಲವೆಂದು ವಾದಿಸಬಹುದೆ? ಪದ್ಯದ ಕಟ್ಟನ್ನು ನೋಡಿದರೆ ಹಾಗೆ ವಾದಿಸಲು ಧೈರ್ಯವಾಗುವುದಿಲ್ಲ. ಕಂದದ ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರ ಒಂದೇ ಆಗಿರಬೇಕು. ಇಲ್ಲಿ ಅದು ಜಕಾರ. ಗಜಗ, ಮನಸಿಜ, ಶ್ರೀವಿಜಯ, ಸುಜನೋತ್ತಂಸ ಇವರು ತಮ್ಮ ತಮ್ಮ ಹೆಸರಿನ ಜಕಾರದ ಬಲದಿಂದ ಪಾದಾರಂಭಗಳನ್ನು ಹಿಡಿದಿದ್ದಾರೆ; ಉಳಿದವರು ನಡುವೆ ಸಿಕ್ಕಿದ ಜಾಗದಲ್ಲಿ ಕುಳಿತಿದ್ದಾರೆ. ನಾಲ್ಕು ಸಾಲಿನ ಪದ್ಯದಲ್ಲಿ ಹತ್ತು ಮಂದಿಗೆ ಮೇಲೆ ಹಿಡಿಯುವುದಿಲ್ಲ. ಪ್ರಾಸವೂ ಮಾತ್ರೆಯೂ ಕೂಡಿ ಮಾಡಿದ ಆಯ್ಕೆಯನ್ನು ವೈಯಾಕರಣನ ತೀರ್ಪೆಂದು ಬಗೆಯಬಾರದು. ಹೆಸರುಗಳ ಅನುಕ್ರಮಕ್ಕೂ ಇದೇ ಮಾತು ಸಲ್ಲುತ್ತದೆ. ಹೊನ್ನನು ಹಂಪನಿಗಿಂತ ಮೊದಲು, ಶ್ರೀವಿಜಯನು ಗುಣವರ್ಮನ ಅನಂತರ ಬಂದಿರುವುದರಿಂದ ಕಾಲವಿಚಾರದಲ್ಲಿ ಏನನ್ನೂ ಸಾಧಿಸುವ ಹಾಗಿಲ್ಲ.

ಆರ್. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯನ್ನು 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದಾಗ, ಒಬ್ಬ ಕವಿಯು ಹೆಸರಿಸಿದವರೆಲ್ಲ ಅವನಿಗಿಂತ ಹಿಂದಿನವರು ಎಂಬ ಸೂತ್ರವನ್ನೇ ಕಾಲನಿರ್ಣಯಕ್ಕೆ ಮುಖ್ಯ ಸಾಧನಗಳಲ್ಲಿ ಒಂದನ್ನಾಗಿ ಮಾಡಿಕೊಂಡರು. ಈ ಸೂತ್ರವು ದೃಢವಾದದ್ದು. ಇಂದಿಗೂ ನಾವು ಅದನ್ನು ಬಿಟ್ಟಿಲ್ಲ. ಆದರೆ ಅದು ಮೇಲಣ ಎಲ್ಲೆಯನ್ನು ಮಾತ್ರ ಕೊಡುತ್ತದೆ. ಒಂದೇ ಹೆಸರಿನ ಇಬ್ಬರಿದ್ದರೆ ಅದೂ ತೊಡಕಾಗುತ್ತದೆ. ಪುಷ್ಪದಂತಪುರಾಣದ ಎರಡನೆಯ ಗುಣವರ್ಮನು ಕೇಶಿರಾಜನಿಗೆ ಸ್ವಲ್ಪ ಹಿಂದಿನವನಾದ್ದರಿಂದ ಕಂದಪದ್ಯದ ಗುಣವರ್ಮನು ಶೂದ್ರಕದ ಕರ್ತೃವೋ ಇವನೋ ಎಂಬುದು ಆ ಪದ್ಯವೊಂದರಿಂದಲೇ ತೀರ್ಮಾನವಾಗತಕ್ಕದ್ದಲ್ಲ.

ಮೌನವನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದು ಎಷ್ಟು ಅಪಾಯವೆಂಬುದಕ್ಕೆ ವಡ್ಡಾರಾಧನೆಗಿಂತ ಬೇರೆ ಉದಾಹರಣೆ ಬೇಡ. ನಾವು ಮೇಲೆ ಎತ್ತಿದ ದುರ್ಗಸಿಂಹ, ನಯಸೇನ, ಕೇಶಿರಾಜರ ಪಟ್ಟಿಗಳಲ್ಲಿ ಈ ಗದ್ಯಗ್ರಂಥದ ಸುಳಿವಿಲ್ಲ. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಇದನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಕನ್ನಡ ಗದ್ಯದ ಚರಿತ್ರೆಯನ್ನೇ ಬೇರೆ ರೀತಿಯಲ್ಲಿ ಬರೆಯಬೇಕಾಯಿತು. ಮೂರು ಪಟ್ಟಿಗಳಲ್ಲಿಯೂ ಹೆಸರಿದ್ದ ಅಸಗನ ಕನ್ನಡ ಕಾವ್ಯ ಹೋಯಿತು. ಒಂದರಲ್ಲಿಯೂ ಹೆಸರಿಲ್ಲದ ವಡ್ಡಾರಾಧನೆ ಇದೆ.

ಚಂಪೂಕವಿಗಳ ವಲಯದಿಂದ ಹೊರಕ್ಕೆ ಬಂದರೆ ನೋಟ ಬದಲಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ಪರಸ್ಪರರನ್ನು ನೆನೆದದ್ದು ಗ್ರಂಥಾರಂಭದ ನಿಯಮಕ್ಕಾಗಿ ಅಲ್ಲ. ಅವರು ಹೊಗಳುವುದು ಹಿಂದಿನವರನ್ನು ಮಾತ್ರವಲ್ಲ, ತಮ್ಮೊಡನೆ ಕುಳಿತಿದ್ದವರನ್ನು. ಚೆನ್ನಬಸವಣ್ಣನ ಹೆಸರಿನ ಒಂದು ವಚನದಲ್ಲಿ ಆದ್ಯರ ಅರುವತ್ತು ವಚನಗಳಿಗೆ ಬಸವಣ್ಣನ ಇಪ್ಪತ್ತು, ಅವಕ್ಕೆ ಪ್ರಭುದೇವನ ಹತ್ತು, ಅವಕ್ಕೆ ಅಜಗಣ್ಣನ ಐದು, ಆ ಐದಕ್ಕೆ ಮಹಾದೇವಿಯಕ್ಕನ ಒಂದು ಎಂಬ ಲೆಕ್ಕವಿದೆ. ಬಸವಣ್ಣನ ಸೋದರಳಿಯನು ಬಸವಣ್ಣನ ವಚನಗಳನ್ನು ಹೀಗೆ ತೂಗಿ, ತಕ್ಕಡಿಯ ತುದಿಯಲ್ಲಿ ಒಬ್ಬ ಹೆಣ್ಣುಮಗಳ ಒಂದೇ ವಚನವನ್ನು ಇಟ್ಟಿರುವುದನ್ನು ಗಮನಿಸಬೇಕು. ಪೊನ್ನನ ನೂರ್ಮಡಿ, ನಾಲ್ಮಡಿಗಳ ಲೆಕ್ಕಕ್ಕೂ ಇದಕ್ಕೂ ಹೊರರೂಪದಲ್ಲಿ ಹೋಲಿಕೆಯಿದೆ. ಆದರೆ ಇಲ್ಲಿ ತೂಗುವವನು ತಕ್ಕಡಿಯಲ್ಲಿ ತಾನು ಕುಳಿತಿಲ್ಲ. ಚಂಪೂಕವಿಗಳ ಪಟ್ಟಿಗಳಲ್ಲಿ ವಚನಕಾರರಿಗೆ ಎಡೆ ದೊರೆಯಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬಹುದು. ಅನಂತರದ ಷಟ್ಪದಿಕಾರರಲ್ಲಿ ಈ ಪದ್ಧತಿ ಅವರವರ ಪರಂಪರೆಯೊಳಗೆ ಹರಿಯಿತು. ಕುಮಾರವ್ಯಾಸನಾದರೋ ಹಿಂದಿನವರ ಹೆಸರುಗಳನ್ನು ಜೋಡಿಸುವ ಗೋಜಿಗೇ ಹೋಗದೆ, ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನು ತಿಣುಕಿದನೆಂದು ವಿನೋದವಾಗಿ ಹೇಳಿ ತನ್ನ ಭಾರತಕ್ಕೆ ತೊಡಗುತ್ತಾನೆ.

ಕೊನೆಯದಾಗಿ, ಹೆಸರುಗಳಿಗಿಂತ ಪದ್ಯಗಳನ್ನೇ ಮುಂದಿಟ್ಟ ಒಬ್ಬನ ವಿಷಯ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಕ್ರಿ. ಶ. 1245ರ ಸುಮಾರಿನಲ್ಲಿ, ಮಲ್ಲಿಕಾರ್ಜುನನು ಹಿಂದಿನ ಕಾವ್ಯಗಳಿಂದ ತನಗೆ ಮೆಚ್ಚಿಕೆಯಾದ ಪದ್ಯಗಳನ್ನು ಆಯ್ದು, ಸಮುದ್ರ, ಪರ್ವತ, ಪುರ, ಋತು ಮೊದಲಾದ ವರ್ಣನೆಗಳ ಕ್ರಮದಲ್ಲಿ ಜೋಡಿಸಿ ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಕನ್ನಡದಲ್ಲಿ ಒಳ್ಳೆಯ ಓದನ್ನು ಇತರರಿಗೆ ಕಟ್ಟಿಕೊಟ್ಟ ಗ್ರಂಥಗಳಲ್ಲಿ ಇದಕ್ಕೆ ಹಿರಿಯ ಸ್ಥಾನವಿದೆ. ಆದರೆ ಪದ್ಯಗಳ ಕೆಳಗೆ ಕವಿಗಳ ಹೆಸರನ್ನು ಅವನು ಕೊಡಲಿಲ್ಲ. ಅವನ ಓದುಗರಿಗೆ ಅವು ಎಲ್ಲಿಯವೆಂದು ಹೇಳಬೇಕಾದ ಅಗತ್ಯವೇ ಇರಲಿಲ್ಲವೇನೋ. ಕೇಶಿರಾಜನು ಈ ಮಲ್ಲಿಕಾರ್ಜುನನ ಮಗ. ತಂದೆ ಹೆಸರಿಲ್ಲದ ಪದ್ಯಗಳನ್ನು ನಮಗೆ ಬಿಟ್ಟನು, ಮಗನು ಕಾವ್ಯಗಳಿಲ್ಲದ ಹೆಸರುಗಳನ್ನು ಬಿಟ್ಟನು. ಶಬ್ದಮಣಿದರ್ಪಣದ ಪ್ರಯೋಗಗಳಲ್ಲಿಯೂ ಹೀಗೆಯೇ ಕರ್ತೃ ತಿಳಿಯದ ಪದ್ಯಖಂಡಗಳು ಬಹಳ ಇವೆ. ಅಸಗನದೋ ಗಜಗನದೋ ಮನಸಿಜನದೋ ಆದ ಪದ್ಯಗಳು ಈ ಎರಡು ಗ್ರಂಥಗಳಲ್ಲಿ ಸೇರಿರಬೇಕೆಂದು ನಂಬುವುದಕ್ಕೆ ಕಾರಣವಿದೆ. ದೊರೆತಿರುವ ಕಾವ್ಯಗಳೊಡನೆ ಒಂದೊಂದು ಪದ್ಯವನ್ನೂ ಹೋಲಿಸಿ, ಆಕರ ತಿಳಿದವನ್ನು ಕಳೆದು, ಉಳಿದವನ್ನು ಛಂದಸ್ಸು, ಶಬ್ದರೂಪ, ಸಂಬೋಧನೆಗಳ ಆಧಾರದಿಂದ ವಿಂಗಡಿಸುವ ಕೆಲಸವನ್ನು ಸಂಪಾದಕರು ಒಂದು ಮಟ್ಟಕ್ಕೆ ತಂದಿದ್ದಾರೆ. ಆಕರ ಗೊತ್ತಾಗದೆ ಉಳಿದ ಪದ್ಯಗಳನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳುವ ಸಂಶೋಧಕನು, ನಯಸೇನನು ಹೇಳಿದ ಗುಣಗಳನ್ನೂ ಪಕ್ಕದಲ್ಲಿ ಬರೆದಿಟ್ಟುಕೊಂಡು, ಮೊದಲು ಅಚ್ಚಗನ್ನಡದ ದೇಸಿಯಿರುವ ವೃತ್ತಗಳಿಂದ ಪ್ರಾರಂಭಿಸಬಹುದು.